ಮಸಿ ಮೆತ್ತಿದ ಕಿಟ್ಟೆಲ್ ನಿಘಂಟು: ಒಂದು ಸ್ಟಾರ್ ಕೊಟ್ಟಿದ್ದೆ, ಈಗ ಮೂರು

ಇದು ಎರಡನೇ ರಿವ್ಯೂ. ಮೊದಲನೆಯದನ್ನು ಕೊಂಡ ಜಾಗದಲ್ಲೇ ಬರೆದಿದ್ದೆ. ನಾಲ್ಕೇ ಸಾಲು, ಪೂರ್ತಿ ಸಿಟ್ಟು, ಒಂದೇ ಒಂದು ಸ್ಟಾರ್. ಮೂರನೇ ದಿನಕ್ಕೆ ಮಾರಿದವರಿಂದ ಫೋನ್ ಬಂತು. ಆಮೇಲೆ ನಡೆದದ್ದು ನಾಲ್ಕು ಸಾಲಿಗೆ ಹಿಡಿಯುವಂಥದ್ದಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಅಂಗಡಿ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಕೊಂಡದ್ದು ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಮರುಮುದ್ರಣ. 2,400 ರೂಪಾಯಿ, ಡೆಲಿವರಿ ಚಾರ್ಜ್ ಬೇರೆ. ಗಟ್ಟಿ ರಟ್ಟು, ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರ, ತೊಡೆ ಮೇಲಿಟ್ಟುಕೊಂಡು ಹತ್ತು ನಿಮಿಷ ಓದಿದರೆ ಕಾಲು ಜೋಮು ಹಿಡಿಯುವಷ್ಟು ಭಾರ. ಮೂಲ ಪುಸ್ತಕ ಮಂಗಳೂರಿನ ಬಾಸೆಲ್ ಮಿಷನ್‌ನಿಂದ 1894ರಲ್ಲಿ ಹೊರಬಂದದ್ದು. 1,700ಕ್ಕೂ ಜಾಸ್ತಿ ಪುಟ, ಸುಮಾರು 70,000 ಪದ. ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಂಡ್ ಕಿಟ್ಟೆಲ್ ಧರ್ಮಪ್ರಚಾರಕ್ಕೆ ಅಂತ 1853ರಲ್ಲಿ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಓಡಾಡಿದರು. ಬಂದ ಕೆಲಸಕ್ಕಿಂತ ಇಲ್ಲಿನ ಮಾತೇ ಅವರನ್ನು ಜಾಸ್ತಿ ಹಿಡಿದುಕೊಂಡಿತು ಅಂತ ಕಾಣುತ್ತದೆ. ಬರೀ ಅರ್ಥ ಕೊಟ್ಟು ಸುಮ್ಮನಾಗುವುದಿಲ್ಲ ಅವರು. ಗಾದೆ ಹಾಕುತ್ತಾರೆ, ಹಳಗನ್ನಡ ಕಾವ್ಯದಲ್ಲಿ ಎಲ್ಲಿ ಬಂದಿದೆ ಅಂತ ತೋರಿಸುತ್ತಾರೆ, ಎಷ್ಟೋ ಪದಗಳ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟರನ್ನೂ ಕೂರಿಸುತ್ತಾರೆ. 1894ರಲ್ಲಿ, ಒಂದು ಕಂಪ್ಯೂಟರ್ ಇಲ್ಲ, ಏನಿಲ್ಲ. ಬೆಂಗಳೂರಿನ ಎಂ.ಜಿ. ರೋಡಿನಲ್ಲಿ ಅವರ ಪ್ರತಿಮೆ ಇದೆ. ಮುಂದೆ ಓಡಾಡುವವರಲ್ಲಿ ನಿಂತು ನೋಡುವವರು ಕಡಿಮೆ.

ಪುಸ್ತಕದ ಹಕ್ಕಿನ ಅವಧಿ ಯಾವತ್ತೋ ಮುಗಿದಿದೆ. ಸ್ಕ್ಯಾನ್ ಆದ ಪ್ರತಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮತ್ತೆ ಯಾಕೆ ದುಡ್ಡು ಕೊಟ್ಟೆ? ನನ್ನದು ಭಾಷಾಂತರದ ಕೆಲಸ, ಮೈಸೂರಿನಲ್ಲಿ ಮನೆಯಲ್ಲೇ ಕೂತು ಮಾಡುತ್ತೇನೆ, ಮಿಕ್ಸಿ ಮ್ಯಾನ್ಯುಯಲ್‌ನಿಂದ ಹಿಡಿದು ಇನ್ಶೂರೆನ್ಸ್ ಕಾಗದದವರೆಗೆ. ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ನೋಡಿದ ಮೇಲೆ ಪದದ ಅರ್ಥ ನೋಡುವುದಕ್ಕಾದರೂ ಕಣ್ಣಿಗೆ ಕಾಗದ ಬೇಕು ಅನ್ನಿಸುತ್ತದೆ.

ಸರಿ, ಬಾಕ್ಸ್ ಬಿಚ್ಚಿದೆ. ಮೊದಲ ನೂರು ಪುಟ ಪರವಾಗಿಲ್ಲ. ಆಮೇಲೆ ಶುರುವಾಯಿತು ನೋಡಿ. ಹಳೇ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅದನ್ನು ಬರೀ ಕಪ್ಪು-ಬಿಳುಪಿಗೆ ಇಳಿಸಿದರೆ ಏನಾಗುತ್ತದೆ ಅಂದರೆ, ಕಾಗದದ ಮೇಲಿದ್ದ ಕಂದು ಕಲೆಗಳೆಲ್ಲ ಕಡುಕಪ್ಪಾಗಿ ಕೂರುತ್ತವೆ, ಅಕ್ಷರದ ತೆಳು ಗೆರೆಗಳು ಮಾಯವಾಗುತ್ತವೆ. ಕನ್ನಡಕ್ಕೆ ಇದು ದೊಡ್ಡ ಪೆಟ್ಟು. ಮಹಾಪ್ರಾಣಕ್ಕೆ ಹೊಟ್ಟೆ ಸೀಳುತ್ತೇವಲ್ಲ, ಆ ಸಣ್ಣ ಸೀಳು ಮೊದಲು ಹೋಗುತ್ತದೆ. ದನಕ್ಕೂ ಧನಕ್ಕೂ ವ್ಯತ್ಯಾಸ ಇಲ್ಲ. ಬಾರ ಯಾವುದು, ಭಾರ ಯಾವುದು ಅಂತ ಇಂಗ್ಲಿಷ್ ಅರ್ಥ ಓದಿ ಊಹಿಸಬೇಕು. ದ ಅಕ್ಷರದ ಪುಟಗಳಂತೂ ಯಾರೋ ಒಲೆ ಒರೆಸಿದ ಬಟ್ಟೆ ಹಾಸಿ ಮೇಲೆ ಪ್ರಿಂಟ್ ಹೊಡೆದ ಹಾಗಿವೆ. ಒಂದು ಪುಟದ ಮೂಲೆಯಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆಟ್ಟು ಕೂಡ ಇದೆ, ಉಗುರು ಸಮೇತ. ಎಣಿಸಿದೆ, ಪೂರ್ತಿ ಓದಲಾಗದ ಪುಟ 14.

ಬರೆದೆ. "ಪುಟಗಳೆಲ್ಲ ಮಸಿ. ಕಿಟ್ಟೆಲ್ ನೋಡಿದ್ದರೆ ಅಳುತ್ತಿದ್ದರು. ದುಡ್ಡು ಹೊಡೆಯುವ ಕಳ್ಳರು. ಯಾರೂ ಕೊಳ್ಳಬೇಡಿ."

ಫೋನ್ ಮಾಡಿದವರು ಬೈಯಲಿಲ್ಲ, ಅದನ್ನು ಒಪ್ಪಲೇಬೇಕು. ದನಿ ಮಾತ್ರ ಬಿಗಿಯಾಗಿತ್ತು. "ಮೇಡಂ, ಹದಿನೈದು ವರ್ಷದಿಂದ ಪುಸ್ತಕದ ವ್ಯಾಪಾರ ಮಾಡ್ತಾ ಇದೀನಿ. ಹಿಂಗೆ ಹೆಸರಿಗೆ ಮಸಿ ಬಳಿದ್ರೆ ಹೆಂಗೆ? ರಿವ್ಯೂ ತೆಗೀರಿ. ಇಲ್ಲಾಂದ್ರೆ ಮಾನನಷ್ಟ ಮೊಕದ್ದಮೆ ಹಾಕಬೇಕಾಗುತ್ತೆ, ಪೊಲೀಸ್‌ಗೂ ದೂರು ಕೊಡ್ತೀನಿ."

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಭ್ಯಾಸಬಲ, ಅವರು ಆಡಿದ ಮೂರು ಮಾತು ತಲೆಯಲ್ಲಿ ಸುತ್ತತೊಡಗಿದವು. ಮಸಿ. ಮಾನ. ದೂರು. ಅರ್ಥ ನೋಡೋಣ ಅಂತ ಕೈ ಚಾಚಿದರೆ ಸಿಕ್ಕಿದ್ದು ಅವರೇ ಮಾರಿದ ಪುಸ್ತಕ.

ಮಸಿ ಇರುವ ಪುಟ, ಪುಣ್ಯಕ್ಕೆ, ಚೆನ್ನಾಗಿಯೇ ಮೂಡಿದೆ. ಕೊಳೆ, ಕಪ್ಪು, ದೀಪದ ಕಾಡಿಗೆ, ಬರೆಯುವ ಶಾಯಿ, ಎಲ್ಲಕ್ಕೂ ಇದೊಂದೇ ಪದ. ಸಂಸ್ಕೃತದಲ್ಲೂ ಮಸಿ, ಮಷಿ ಅಂತ ಇದೆ. ತಮಿಳಿನಲ್ಲಿ ಮೈ ಅನ್ನುತ್ತಾರೆ, ಕಣ್ಣಿಗೆ ಹಚ್ಚುವ ಕಾಡಿಗೆಗೂ ಅದೇ, ಪೆನ್ನಿನ ಇಂಕಿಗೂ ಅದೇ. ಅಂದರೆ ಅಂದ ಮಾಡುವುದೂ ಮಸಿ, ಅಕ್ಷರ ಬರೆಸುವುದೂ ಮಸಿ, ಮುಖ ಕೆಡಿಸುವುದೂ ಮಸಿ. ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆ ಇದೆಯಲ್ಲ, 1937ರಲ್ಲಿ ಶುರುವಾದದ್ದು, ಓಟು ಹಾಕಿದವರ ಬೆರಳಿಗೆ ಹಚ್ಚುವ ಮಸಿ 1962ರಿಂದ ಅಲ್ಲಿಂದಲೇ ಹೋಗುತ್ತದೆ. ಆ ಮಸಿಯನ್ನು ಮಾತ್ರ ಜನ ಸೆಲ್ಫಿ ಹೊಡೆದು ತೋರಿಸಿಕೊಳ್ಳುತ್ತಾರೆ.

ಇನ್ನು ಬಳಿ ಅನ್ನುವ ಕ್ರಿಯಾಪದ. ಗೋಡೆಗೆ ಸುಣ್ಣ ಬಳಿಯುತ್ತೇವೆ, ಮುಖಕ್ಕೆ ಮಸಿ ಬಳಿಯುತ್ತೇವೆ. ಕೈ ಆಡುವ ರೀತಿ ಎರಡಕ್ಕೂ ಒಂದೇ. ಇಂಗ್ಲಿಷ್ ಬೋರ್ಡುಗಳಿಗೆ ಮಸಿ ಬಳಿದರು ಅಂತ ಪೇಪರಿನಲ್ಲಿ ಬಂದರೆ ಅಲ್ಲಿ ನಿಜವಾದ ಕಪ್ಪು ಬಣ್ಣ, ನಿಜವಾದ ಬ್ರಷ್. ಸಂಸ್ಥೆಯ ಹೆಸರಿಗೆ ಮಸಿ ಬಳಿದರು ಅಂತ ಬಂದರೆ ಬಣ್ಣವೂ ಇಲ್ಲ, ಬ್ರಷ್ಷೂ ಇಲ್ಲ. ಎರಡನ್ನೂ ನಾವು ಒಂದೇ ಪುಟದಲ್ಲಿ ಗೊಂದಲವಿಲ್ಲದೆ ಓದುತ್ತೇವೆ. ಇಂಗ್ಲಿಷಿನಲ್ಲೂ ಡೆನಿಗ್ರೇಟ್ ಅಂತ ಒಂದು ಪದ ಇದೆ, ಹೆಸರು ಕೆಡಿಸು ಅಂತ ಅರ್ಥ. ಅದರ ಹೊಟ್ಟೆಯೊಳಗೆ ಲ್ಯಾಟಿನ್ನಿನ ನಿಗರ್ ಇದೆ, ಅಂದರೆ ಕಪ್ಪು. ಅವರದೂ ಮಸಿಯೇ. ಬರೆದು ಮಾನ ಕಳೆಯುವುದಕ್ಕೆ ಅವರು ಹೇಳುವ ಲೈಬೆಲ್ ಅನ್ನುವ ಪದ ಮಾತ್ರ ಲ್ಯಾಟಿನ್ನಿನ ಚಿಕ್ಕ ಪುಸ್ತಕ ಅನ್ನುವ ಪದದಿಂದ ಬಂದದ್ದು. ನನ್ನ ಕಾಲ ಮೇಲೆ ಕೂತಿದ್ದ ಪುಸ್ತಕ ಚಿಕ್ಕದಲ್ಲ, ಬಿಡಿ.

ಅಮ್ಮ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಅಲ್ಲ ಕಣೇ, ಮಸಿ ಅಂತ ಮೊದಲು ಬರೆದಿದ್ದು ನೀನು. ಅವರು ಅದನ್ನೇ ನಿಂಗೆ ವಾಪಸ್ ಕೊಟ್ಟಿದಾರೆ. ಇದ್ದಿಲು ಮಸಿಗೆ ಬುದ್ಧಿ ಹೇಳ್ತಂತೆ" ಅಂದಳು. ಇಬ್ಬರಲ್ಲಿ ಇದ್ದಿಲು ಯಾರು, ಮಸಿ ಯಾರು ಅಂತ ನಾನು ಕೇಳಲಿಲ್ಲ. ಅಮ್ಮನಿಗೆ ಮಸಿ ಅಂದರೆ ಬೈಗುಳ ಅಲ್ಲವೇ ಅಲ್ಲ. ಊರಿನಲ್ಲಿ ಸೌದೆ ಒಲೆ ಇದ್ದಾಗ ಪಾತ್ರೆ ಇಳಿಸುವುದಕ್ಕೆ ಒಂದು ಮಸಿಬಟ್ಟೆ ಮೊಳೆಗೆ ನೇತಾಡುತ್ತಿತ್ತು. ಗ್ಯಾಸ್ ಬಂದು ಇಷ್ಟು ವರ್ಷವಾದರೂ, ಈಗಿನ ಬಟ್ಟೆಯಲ್ಲಿ ಒಂದು ಚೂರು ಕಪ್ಪಿಲ್ಲದಿದ್ದರೂ, ಅವಳ ಬಾಯಲ್ಲಿ ಅದು ಮಸಿಬಟ್ಟೆಯೇ. ಪಾತ್ರೆ ಒಲೆಗೆ ಇಡುವ ಮೊದಲು ತಳಕ್ಕೆ ಒದ್ದೆ ಬೂದಿ ಬಳಿಯುತ್ತಿದ್ದರಂತೆ. ಹಾಗೆ ಬಳಿದರೆ ಮಸಿ ಬೂದಿಯ ಮೇಲೆ ಕೂರುತ್ತದೆ, ತಿಕ್ಕುವಾಗ ಸಲೀಸಾಗಿ ಬಿಡುತ್ತದೆ. ಬಳಿಯದಿದ್ದರೆ ಉಜ್ಜಿ ಉಜ್ಜಿ ಕೈ ಸೋಲಬೇಕು. ಪುಸ್ತಕ ವ್ಯಾಪಾರಕ್ಕೆ ಒದ್ದೆ ಬೂದಿ ಎಲ್ಲಿಂದ ತರುವುದು, ಗೊತ್ತಿಲ್ಲ.

ಮಾನದ ವಿಷಯ ಜಾಸ್ತಿ ಎಳೆಯುವುದಿಲ್ಲ. ಸಂಸ್ಕೃತದಲ್ಲಿ ಮಾನ ಎರಡಿವೆ. ಒಂದು ಅಳತೆ, ಮಾನದಂಡದಲ್ಲಿ ಇರುವುದು. ಇನ್ನೊಂದು ಗೌರವ, ಎಣಿಸು, ಭಾವಿಸು ಅನ್ನುವ ಅರ್ಥದ ಧಾತುವಿನಿಂದ ಬಂದದ್ದು, ಅಂದರೆ ನಾಲ್ಕು ಜನ ನಿನ್ನ ಬಗ್ಗೆ ಏನೆಂದುಕೊಂಡಿದ್ದಾರೆ ಅನ್ನುವುದು. ನಮ್ಮ ಬಾಯಲ್ಲಿ ಎರಡೂ ಕಲಸಿಹೋಗಿವೆ. ಇಲ್ಲದಿದ್ದರೆ ಮಾನ ಮೂರು ಕಾಸಾಯಿತು, ಮಾನ ಹರಾಜಾಯಿತು ಅಂತ ತೂಗಿ ಬೆಲೆ ಕಟ್ಟುವ ಮಾತು ಹೇಗೆ ಹುಟ್ಟುತ್ತಿತ್ತು? ಹರಾಜು ಅರಬ್ಬಿಯಿಂದ ಬಂದದ್ದು, ಮೊಕದ್ದಮೆಯೂ ಅಲ್ಲಿಂದಲೇ. ಮಾನನಷ್ಟ ಮೊಕದ್ದಮೆ ಅಂದರೆ ಅರ್ಧ ಸಂಸ್ಕೃತ, ಅರ್ಧ ಅರಬ್ಬಿ, ಹೆದರಿಸುವುದು ಮಾತ್ರ ಅಚ್ಚಗನ್ನಡದಲ್ಲಿ.

ಹೆದರಿದ್ದಕ್ಕೆ ಕಾನೂನನ್ನೂ ಓದಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಇದು 499ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 356. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲ ದಂಡ, ಇಲ್ಲ ಎರಡೂ, ಈಗ ಸಮುದಾಯ ಸೇವೆ ಅಂತಲೂ ಸೇರಿಸಿದ್ದಾರೆ. ಆದರೆ ಹತ್ತು ವಿನಾಯಿತಿಗಳಿವೆ, ಅದರಲ್ಲಿ ಒಂದು ನೇರ ನನಗೇ ಬರೆದ ಹಾಗಿದೆ. ಪುಸ್ತಕ ಪ್ರಕಟಿಸಿದವನು ಅದನ್ನು ಜನರ ತೀರ್ಮಾನಕ್ಕೆ ಒಪ್ಪಿಸಿದ ಹಾಗೆಯೇ ಲೆಕ್ಕ. 1860ರ ಸಂಹಿತೆಯಲ್ಲಿ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಇಂಥವನ ಪುಸ್ತಕ ಪೆದ್ದು, ಅವನೂ ದುರ್ಬಲ ಬುದ್ಧಿಯವನೇ ಇರಬೇಕು ಅಂತ ಸದ್ಭಾವನೆಯಿಂದ ಹೇಳಿದರೆ ಅಪರಾಧ ಅಲ್ಲ, ಯಾಕೆಂದರೆ ಆ ಮಾತು ಪುಸ್ತಕದಿಂದ ಹುಟ್ಟಿದ್ದು. ಅದೇ, ಅವನು ಹಾಳು ಮನುಷ್ಯ, ಅದಕ್ಕೇ ಪುಸ್ತಕ ಹೀಗಿದೆ ಅಂತ ತಿರುಗಿಸಿ ಹೇಳಿದರೆ ವಿನಾಯಿತಿ ಇಲ್ಲ. ಇದನ್ನು ಓದಿ ನನ್ನ ನಾಲ್ಕು ಸಾಲಿಗೆ ವಾಪಸ್ ಬಂದೆ. ಪುಟಗಳೆಲ್ಲ ಮಸಿ, ಇದು ಪುಸ್ತಕದ ಮಾತು. ಕಿಟ್ಟೆಲ್ ಅಳುತ್ತಿದ್ದರು, ಇದು ನನ್ನ ನಾಟಕ. ದುಡ್ಡು ಹೊಡೆಯುವ ಕಳ್ಳರು? ಆ ಮನುಷ್ಯ ಕದ್ದದ್ದನ್ನು ನಾನು ನೋಡಿಲ್ಲ. ದುಡ್ಡು ತೆಗೆದುಕೊಂಡರು, ಪುಸ್ತಕ ಕಳಿಸಿದರು. ಕಳಿಸಿದ ಪುಸ್ತಕ ಕೆಟ್ಟದಾಗಿತ್ತು. ಆ ಸಾಲನ್ನು ಅವತ್ತೇ ಅಳಿಸಿದೆ. ಉಳಿದದ್ದನ್ನು ಅಳಿಸಲಿಲ್ಲ.

ಈಗ ದೂರು. ನನಗೆ ನಿಜವಾಗಿ ಮಜಾ ಕೊಟ್ಟದ್ದು ಇದು. ಕಷ್ಟ ಕೊಟ್ಟದ್ದೂ ಇದೇ, ಯಾಕೆಂದರೆ ಆ ಹದಿನಾಲ್ಕು ಹಾಳು ಪುಟಗಳಲ್ಲಿ ದೂರು ಬರುವ ಪುಟವೂ ಒಂದು! ಪೊಲೀಸಿಗೆ ದೂರು ಕೊಡುತ್ತೇನೆ ಅಂದವರು ಮಾರಿದ ನಿಘಂಟಿನಲ್ಲಿ ದೂರು ಅನ್ನುವ ಪದದ ಮೇಲೆಯೇ ಮಸಿ. ಭೂತಗನ್ನಡಿ ಹಿಡಿದರೆ ದೀರ್ಘ ಕಂಡಿತು, ಅದರ ಮುಂದೆ ಕಪ್ಪು ಗುಡ್ಡೆ. ಕೊನೆಗೆ ಪುಕ್ಕಟೆ ಸ್ಕ್ಯಾನನ್ನೇ ತೆಗೆದು ನೋಡಬೇಕಾಯಿತು. ಹಳೇ ಬರಹದಲ್ಲಿ ಇದು ದೂಱು, ಶಕಟರೇಫದ ಱ. ಮಾಮೂಲಿ ರ ಇರುವ ದೂರ, ಅಂದರೆ ಸಮೀಪದ ಎದುರು ಪದ, ಅದು ಸಂಸ್ಕೃತದ್ದು, ಬೇರೆಯೇ. ಆ ಅಕ್ಷರ ಹೋಗಿ ನಮಗೆ ಎರಡೂ ಒಂದೇ ಥರ ಕಾಣುತ್ತಿವೆ.

ದೂಱು ಅಂದರೆ ಹಳೇ ಕನ್ನಡದಲ್ಲಿ ನಿಂದೆ, ಇನ್ನೊಬ್ಬರ ಮೇಲೆ ಹೊರಿಸುವ ಕೆಟ್ಟ ಮಾತು. ಆಫೀಸಿನ ಕಾಗದ, ದೂರುದಾರ, ದೂರು ಸಂಖ್ಯೆ, ದೂರು ಪೆಟ್ಟಿಗೆ ಎಲ್ಲ ಆಮೇಲಿನವು. ಹಳೇ ಅರ್ಥ ಸತ್ತಿಲ್ಲ ಅನ್ನುವುದಕ್ಕೆ ನಿಘಂಟೂ ಬೇಡ, ನಿಮ್ಮ ಬಾಯಿಯೇ ಸಾಕ್ಷಿ. ದೂರು ಕೊಟ್ಟ ಅಂದಾಗ ಮನುಷ್ಯ ಠಾಣೆಯ ಬೆಂಚಿನ ಮೇಲೆ ಕೂತಿರುತ್ತಾನೆ. ಯಾರನ್ನು ದೂರಿ ಏನು ಪ್ರಯೋಜನ, ಹಣೆಬರಹ ಅಂದಾಗ ಅಲ್ಲಿ ಠಾಣೆಯೂ ಇಲ್ಲ, ಅರ್ಜಿಯೂ ಇಲ್ಲ, ಬರೀ ನಿಂದೆ. ನಾಮಪದ ಸರ್ಕಾರಿ ನೌಕರಿಗೆ ಸೇರಿತು, ಕ್ರಿಯಾಪದ ಮನೆಯಲ್ಲೇ ಉಳಿಯಿತು ಅಂತ ನಾನು ಹೇಳಿಕೊಳ್ಳುತ್ತೇನೆ. ಹೆಸರು ಕೆಡಿಸುವ ಮಾತಿಗೆ ಯಾವ ಪದ ಇತ್ತೋ, ಹೆಸರು ಕೆಟ್ಟವನು ಇವತ್ತು ಪರಿಹಾರ ಕೇಳುವುದಕ್ಕೂ ಅದೇ ಪದ. ಅವರ ಬಗ್ಗೆ ನಾನು ಬರೆದದ್ದೂ ದೂರು, ನನ್ನ ಮೇಲೆ ಅವರು ಕೊಡುತ್ತೇನೆ ಅಂದದ್ದೂ ದೂರು.

ಇನ್ನೊಂದಿದೆ. ತೂರು. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಗೊತ್ತು. ಮೊರದಲ್ಲಿ ತುಂಬಿಕೊಂಡು, ಎತ್ತರಕ್ಕೆ ಹಿಡಿದು, ಗಾಳಿ ಬೀಸುವ ಕಡೆ ನೋಡಿ ಸಣ್ಣಗೆ ಸುರಿಯುತ್ತಾರೆ. ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಹಾರಿ ಪಕ್ಕದವರ ಕಣಕ್ಕೆ, ತಲೆಗೂದಲಿಗೆ, ಕಣ್ಣಿಗೆ. ತಮಿಳಿನಲ್ಲಿ ಹೀಗೆ ತೂರುವುದಕ್ಕೂ, ಒಬ್ಬರ ಬಗ್ಗೆ ಕೆಟ್ಟ ಮಾತು ಊರೆಲ್ಲ ಹರಡುವುದಕ್ಕೂ ಒಂದೇ ಕ್ರಿಯಾಪದ, ತೂಟ್ರು. ನಮ್ಮಲ್ಲಿ ತೂರು ಒಂದು ಕಡೆ, ದೂರು ಒಂದು ಕಡೆ. ನನಗಂತೂ ಇವು ಅಕ್ಕ ತಂಗಿಯರೇ ಅನ್ನಿಸುತ್ತದೆ. ರಿವ್ಯೂ ಅನ್ನುವುದು ತೂರುವ ಕೆಲಸವೇ ಅಲ್ವಾ, ಆದರೆ ಗಾಳಿ ನೋಡಿಕೊಳ್ಳದೆ ಮೊರ ಎತ್ತಿದರೆ ಹೊಟ್ಟು ನಮ್ಮ ಕಣ್ಣಿಗೇ.

ನಡುವೆ ಹಳಿ ಅನ್ನುವ ಪದವೂ ಕಣ್ಣಿಗೆ ಬಿತ್ತು. ಬಸವಣ್ಣನವರು ಇದಿರ ಹಳಿಯಲು ಬೇಡ ಅನ್ನುತ್ತಾರಲ್ಲ, ಆ ಹಳಿ, ಎದುರಿನವರನ್ನು ನಿಂದಿಸು ಅಂತ. ಈಗಿನವರಿಗೆ ಹಳಿ ಅಂದರೆ ರೈಲು. ಹನ್ನೆರಡನೇ ಶತಮಾನದ ಎಂಥ ಚೆಂದದ ಪದದ ಮೇಲೆ ರೈಲು ಓಡಿಸಿಬಿಟ್ಟೆವು.

ಒಂದು ವಾರ ಬಿಟ್ಟು ನಾನೇ ಫೋನ್ ಮಾಡಿದೆ. ಕಳ್ಳರು ಅಂದದ್ದನ್ನು ತೆಗೆದಿದ್ದೇನೆ ಸರ್, ಅದು ತಪ್ಪಾಯಿತು, ಆದರೆ ಮಸಿ ಅಂದದ್ದು ನಿಮ್ಮ ಹೆಸರಿಗಲ್ಲ, ಪುಟಕ್ಕೆ, ಪುಟದಲ್ಲಿ ನಿಜವಾಗಿಯೂ ಮಸಿ ಇದೆ ಅಂದೆ. ಹದಿನಾಲ್ಕೂ ಪುಟದ ಫೋಟೋ ಕಳಿಸಿದೆ, ಹೆಬ್ಬೆಟ್ಟಿನದೂ ಸೇರಿಸಿ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದು ಯಾರದು ಮೇಡಂ, ಬೆರಳು?" ಅಂತ ನಕ್ಕರು. ಮನೆ ಮಾತು ತಮಿಳಂತೆ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ದೂರು ಪದದ ಕತೆ ಹೇಳಿದೆ, ತೂರುವ ವಿಷಯಕ್ಕೆ ಬಂದು ನಮ್ಮಲ್ಲಿ ಗಾಳಿ ಬಂದಾಗ ತೂರಿಕೋ ಅಂತಾರೆ ಅಂದೆನೋ ಇಲ್ಲವೋ, "ಕಾಟ್ರುಳ್ಳ ಪೋದೇ ತೂಟ್ರಿಕ್ಕೊಳ್! ನಮ್ ಪಾಟಿ ದಿನಾ ಹೇಳೋರು" ಅಂದರು. ಪಾಟಿ ಅಂದರೆ ಅಜ್ಜಿ. ಒಂದೇ ಗಾದೆ, ಒಂದೇ ಗಾಳಿ. ಮೊಕದ್ದಮೆಯ ಮಾತು ಮತ್ತೆ ಎತ್ತಲಿಲ್ಲ. ಅವರೂ ಈ ಪುಸ್ತಕ ಪ್ರಿಂಟ್ ಮಾಡಿಸಿದವರಲ್ಲವಂತೆ, ಇನ್ನೆಲ್ಲಿಂದಲೋ ತರಿಸಿ ಮಾರುತ್ತಾರಂತೆ, ಬಿಚ್ಚಿ ನೋಡುವುದಿಲ್ಲವಂತೆ. ಇನ್ನು ಮೇಲೆ ನೋಡಿ ಸರ್ ಅಂದೆ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಕಿಟ್ಟೆಲ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪದದ ಜೊತೆ ಗಾದೆ, ನೆಂಟರು, ಮೈಸೂರು ಕಡೆಯ ಬಳಕೆ, ಧಾರವಾಡ ಕಡೆಯ ಬಳಕೆ ಎಲ್ಲ ಒಂದೇ ಕಡೆ ಸಿಗುವುದು ಇಲ್ಲೇ. ಇವತ್ತಿನ ಅರ್ಥಕ್ಕೆ, ಕನ್ನಡದಿಂದ ಕನ್ನಡಕ್ಕೆ ಆದರೆ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನೋಡಿ. ಆದರೆ ಈ ಮರುಮುದ್ರಣವನ್ನು ಪುಟ ತೋರಿಸದೆ ಮಾರಿದರೆ ಕೊಳ್ಳಬೇಡಿ. ದ ಅಕ್ಷರದ ಎರಡು ಪುಟದ ಫೋಟೋ ಕೇಳಿ. ಧನಕ್ಕೆ ಹೊಟ್ಟೆ ಸೀಳಿರುವುದು ಕಂಡರೆ ಮಾತ್ರ ದುಡ್ಡು ಹಾಕಿ. ಬೈಂಡಿಂಗ್ ಚೆನ್ನಾಗಿದೆ. ಡಬ್ಬಿಗೆ ಸುತ್ತಿದ್ದ ಪ್ಲಾಸ್ಟಿಕ್ಕೂ ಚೆನ್ನಾಗಿತ್ತು, ಅಮ್ಮ ಎತ್ತಿಟ್ಟುಕೊಂಡಿದ್ದಾಳೆ. ಮುದ್ರಣಕ್ಕೆ ಒಂದು, ಕಿಟ್ಟೆಲ್‌ಗೆ ಐದು, ಸರಾಸರಿ ಮೂರು ಸ್ಟಾರ್.

ಮೊನ್ನೆ ಕೊರಿಯರ್ ಬಂತು. ಹದಿನಾಲ್ಕು ಪುಟಗಳನ್ನೂ ಒಳ್ಳೆಯ ಸ್ಕ್ಯಾನಿನಿಂದ ಬೇರೆ ಪ್ರಿಂಟ್ ತೆಗೆಸಿ ಕಳಿಸಿದ್ದಾರೆ, ದುಡ್ಡು ಕೇಳಲಿಲ್ಲ. ಱ ಗುಂಡಗೆ, ನೀಟಾಗಿ ಕೂತಿದೆ. ಹಾಳೆಗಳನ್ನು ಅವುಗಳ ಜಾಗದಲ್ಲಿ ಸಿಕ್ಕಿಸಿದ್ದೇನೆ. ಪುಸ್ತಕಕ್ಕಿಂತ ಸ್ವಲ್ಪ ಉದ್ದ, ಅಂಚು ಹೊರಗೆ ಚಾಚಿಕೊಂಡಿದೆ. ದೂರು ಹುಡುಕುವುದಕ್ಕೆ ಈಗ ಪುಟ ತಿರುವುವ ಕೆಲಸವೇ ಇಲ್ಲ.